ಹಾಡು ಒಬ್ಬರದು, ಬ್ಯಾನರ್ ಇನ್ನೊಬ್ಬರದು

2024ರ ಮಾರ್ಚ್‌ನಲ್ಲಿ ಅಮೆರಿಕದ ಆಸ್ಟಿನ್ ನಗರದ ಸೌತ್ ಬೈ ಸೌತ್‌ವೆಸ್ಟ್ ಉತ್ಸವದಿಂದ 80ಕ್ಕೂ ಹೆಚ್ಚು ಕಲಾವಿದರು ಹೆಸರು ವಾಪಸ್ ತೆಗೆದುಕೊಂಡರು. ಐರ್ಲೆಂಡಿನಿಂದ ಬರಬೇಕಿದ್ದ ತಂಡಗಳೆಲ್ಲ ಹಿಂದೆ ಸರಿದವು. ಸಂಭಾವನೆಯ ಜಗಳ ಅಲ್ಲ ಅದು. ಉತ್ಸವದ ದೊಡ್ಡ ಪ್ರಾಯೋಜಕರಲ್ಲಿ ಅಮೆರಿಕದ ಸೇನೆ ಇತ್ತು. ಆಯುಧ ತಯಾರಿಸುವ ಆರ್‌ಟಿಎಕ್ಸ್ ಬಳಗದ ಕಂಪನಿಯೂ ಅಲ್ಲಿ ಪಾಲ್ಗೊಂಡಿತ್ತು. ಗಾಜಾದ ಮೇಲೆ ಬಾಂಬ್ ಬೀಳುತ್ತಿದ್ದ ದಿನಗಳು ಅವು. ಈ ಬ್ಯಾನರಿನ ಕೆಳಗೆ ನಿಂತು ನಾವು ಹಾಡುವುದಿಲ್ಲ ಎಂದರು ಕಲಾವಿದರು. ಹೋಗಿ, ಮತ್ತೆ ಬರಬೇಡಿ ಎಂದು ಟೆಕ್ಸಸ್ ಗವರ್ನರ್ ಗ್ರೆಗ್ ಅಬಟ್ ಸಾಮಾಜಿಕ ಜಾಲತಾಣದಲ್ಲಿ ಬರೆದರು. ಗವರ್ನರ್ ಮಾತನ್ನು ನಾವು ಒಪ್ಪುವುದಿಲ್ಲ ಎಂದ ಸಂಘಟಕರು, ಸೇನೆಯ ಪ್ರಾಯೋಜಕತ್ವವನ್ನು ಮಾತ್ರ ಸಮರ್ಥಿಸಿಕೊಂಡರು.

ಗಿಟಾರ್ ಬಾರಿಸುವವರ ಹಬ್ಬದಲ್ಲಿ ಸೇನೆಗೇನು ಕೆಲಸ ಎಂದು ಆಗ ಬಹಳ ಮಂದಿ ಕೇಳಿದರು. ಸಂಗೀತ ಕಾರ್ಯಕ್ರಮಗಳ ಕರಾರು ಪತ್ರ ಓದುವುದು, ತಿದ್ದುವುದು ನನ್ನ ಕಸುಬು. ಹಾಗಾಗಿ ಇಂಥ ಪ್ರಶ್ನೆ ಬಂದರೆ ನಾನು ಮೊದಲು ನೋಡುವುದು ಎರಡೇ: ದುಡ್ಡು ಯಾವ ಬಾಗಿಲಿಂದ ಬಂತು, ಯಾರು ಯಾವ ಕಾಗದಕ್ಕೆ ಸಹಿ ಹಾಕಿದರು.

ಈ ಉತ್ಸವ ಶುರುವಾದದ್ದು 1987ರಲ್ಲಿ. ಆಸ್ಟಿನ್‌ನ ಒಂದು ವಾರಪತ್ರಿಕೆಯ ಬಳಗದವರೂ ಅವರ ಗೆಳೆಯರೂ ಸೇರಿ ಮಾಡಿದ್ದು. 150 ಜನ ಬಂದರೆ ಸಾಕು ಅಂದುಕೊಂಡಿದ್ದರಂತೆ, 700 ಜನ ಬಂದರು. ಲೆಕ್ಕ ಸರಳವಾಗಿತ್ತು. ಹೆಸರಿಲ್ಲದ ತಂಡಗಳು ಸಿಕ್ಸ್ತ್ ಸ್ಟ್ರೀಟಿನ ಬಾರುಗಳಲ್ಲಿ ನುಡಿಸಬೇಕು, ರೆಕಾರ್ಡ್ ಕಂಪನಿಯವರು ನಿಂತು ಕೇಳಬೇಕು, ಅದೃಷ್ಟ ಇದ್ದವರಿಗೆ ಕಾಂಟ್ರ್ಯಾಕ್ಟ್ ಸಿಗಬೇಕು. 1994ರಲ್ಲಿ ಇದಕ್ಕೆ ಸಿನಿಮಾ ಮತ್ತು ಮಲ್ಟಿಮೀಡಿಯಾ ಸೇರಿಕೊಂಡವು. 2007ರಲ್ಲಿ ಸಭಾಂಗಣದ ಓಣಿಗಳಲ್ಲಿ ದೊಡ್ಡ ಪರದೆ ಇಟ್ಟು ಟ್ವಿಟರ್ ತನ್ನ ಸಂದೇಶಗಳನ್ನು ಹರಿಯಬಿಟ್ಟಿತು. ಆ ವಾರ ಅದರ ಬಳಕೆ ಮೂರು ಪಟ್ಟಾಯಿತು. ಅಲ್ಲಿಂದ ಮುಂದೆ ಹೊಸ ಆ್ಯಪ್ ಮಾಡಿದವರೆಲ್ಲ ಮಾರ್ಚ್ ಬಂತೆಂದರೆ ಆಸ್ಟಿನ್ ಕಡೆ ಹೊರಟರು. 2010ರ ಹೊತ್ತಿಗೆ ಸಂಗೀತಕ್ಕೆಂದು ಹೆಸರು ನೋಂದಾಯಿಸಿದವರಿಗಿಂತ ತಂತ್ರಜ್ಞಾನಕ್ಕೆಂದು ಬಂದವರೇ ಜಾಸ್ತಿ.

ನನ್ನ ಮಟ್ಟಿಗೆ ಇಡೀ ಕಥೆಯ ಗಂಟು ಇಲ್ಲೇ ಇದೆ. ದೊಡ್ಡ ದುಡ್ಡು ಬರುವುದು ತಂತ್ರಜ್ಞಾನದ ಕಡೆಯಿಂದ. ಉತ್ಸವಕ್ಕೆ ಮುಖ, ಮೆರುಗು, ಊರಿನಲ್ಲಿ ಹೆಸರು ಬರುವುದು ಸಂಗೀತದ ಕಡೆಯಿಂದ. ಬ್ಯಾಂಕೋ ಕಾರಿನ ಕಂಪನಿಯೋ ಬರೀ ತಂತ್ರಜ್ಞಾನ ಸಮಾವೇಶಕ್ಕೆ ದುಡ್ಡು ಕೊಟ್ಟರೆ ಯಾರೂ ತಿರುಗಿ ನೋಡುವುದಿಲ್ಲ. ಸೇನೆ ಕೊಟ್ಟರೂ ಅಷ್ಟೇ. ಅದೇ ಲೋಗೋ ಹಾಡುಗಾರನ ಬೆನ್ನ ಹಿಂದೆ ಬಂದರೆ ಮಾತೇ ಬೇರೆ. ಕೇಳುಗ ಹಾಡುಗಾರನನ್ನು ನಂಬಿ ಬಂದಿರುತ್ತಾನೆ. ಆ ನಂಬಿಕೆಯನ್ನು ಹಾಡುಗಾರನನ್ನು ಕೇಳದೆ ಲೋಗೋದವರಿಗೆ ದಾಟಿಸಿದ ಹಾಗಾಗುತ್ತದೆ.

ಸೇನೆಯ ಕಡೆಯಿಂದ ನೋಡಿದರೆ ಅದು ಅಲ್ಲಿಗೆ ಬಂದದ್ದರಲ್ಲಿ ಆಶ್ಚರ್ಯವಿಲ್ಲ. ಹೊಸ ತಂತ್ರಜ್ಞಾನ ಹುಡುಕಿ ಸೇನೆಗೆ ತರುವುದಕ್ಕೆಂದೇ ಮಾಡಿದ ಆರ್ಮಿ ಫ್ಯೂಚರ್ಸ್ ಕಮಾಂಡ್ 2018ರಲ್ಲಿ ತನ್ನ ಮುಖ್ಯ ಕಚೇರಿ ತೆರೆದದ್ದು ಆಸ್ಟಿನ್‌ನಲ್ಲೇ. ಸ್ಟಾರ್ಟಪ್‌ನವರೆಲ್ಲ ಸೇರುವ ಜಾತ್ರೆ ಅದೇ ಊರಿನಲ್ಲಿ ನಡೆಯುವಾಗ ಅಲ್ಲಿ ಮಳಿಗೆ ಹಾಕುವುದು ಅವರಿಗೆ ಲಾಭದ ಕೆಲಸ. ಹಾಡಲು ಅರ್ಜಿ ಹಾಕಿದ ತಂಡಕ್ಕೆ ಇದ್ಯಾವುದೂ ಕಣ್ಣಿಗೆ ಬಿದ್ದಿರುವುದಿಲ್ಲ. ಅದು ಅರ್ಜಿ ಹಾಕಿದ್ದು ಸಂಗೀತ ಉತ್ಸವಕ್ಕೆ.

ಉತ್ಸವದ ರಾಜಕೀಯ ಅಂದಾಗ ಪತ್ರಿಕೆಗಳು ಬರೆಯುವುದು ವೇದಿಕೆಯ ಭಾಷಣಗಳ ಬಗ್ಗೆ. ಅವೂ ಸಣ್ಣವೇನಲ್ಲ. 2014ರಲ್ಲಿ, ಅಮೆರಿಕ ಸರ್ಕಾರದ ಗುಪ್ತ ಕಣ್ಗಾವಲನ್ನು ಬಯಲು ಮಾಡಿದ್ದ ಎಡ್ವರ್ಡ್ ಸ್ನೋಡೆನ್ ರಷ್ಯಾದಿಂದ ವಿಡಿಯೋ ಮೂಲಕ ಮಾತಾಡಿದರು. ಬೆನ್ನ ಹಿಂದೆ ಅಮೆರಿಕದ ಸಂವಿಧಾನದ ಚಿತ್ರ, ಮಾತು ತುಂಡು ತುಂಡಾಗಿ ಬರುತ್ತಿತ್ತು. ಅವರನ್ನು ಕರೆಯಬೇಡಿ ಎಂದು ಸಂಘಟಕರಿಗೆ ಪತ್ರ ಬರೆದಿದ್ದ ಸಂಸದ ಮೈಕ್ ಪಾಂಪಿಯೊ ಮುಂದೆ ಸಿಐಎ ಮುಖ್ಯಸ್ಥರಾದರು. ಎರಡೇ ವರ್ಷದ ನಂತರ, 2016ರಲ್ಲಿ, ಅಧಿಕಾರದಲ್ಲಿದ್ದ ಅಧ್ಯಕ್ಷ ಬರಾಕ್ ಒಬಾಮಾ ಅದೇ ಉತ್ಸವಕ್ಕೆ ಬಂದರು. ಆಪಲ್ ಕಂಪನಿ ಒಬ್ಬ ಆರೋಪಿಯ ಫೋನ್ ತೆರೆಯಲು ಎಫ್‌ಬಿಐಗೆ ನೆರವಾಗಬೇಕೇ ಎಂಬ ಜಗಳ ಕಾವೇರಿದ್ದ ಸಮಯ. ಫೋನೊಂದೇ ಎಲ್ಲಕ್ಕಿಂತ ದೊಡ್ಡದಲ್ಲ ಎಂಬರ್ಥದ ಮಾತನ್ನು ಒಬಾಮಾ ಎಂಜಿನಿಯರುಗಳ ಎದುರೇ ಆಡಿದರು. 2019ರಲ್ಲಿ ಸೆನೆಟರ್ ಎಲಿಜಬೆತ್ ವಾರನ್ ಬಂದು ಅಮೆಜಾನ್, ಗೂಗಲ್, ಫೇಸ್‌ಬುಕ್ ಕಂಪನಿಗಳನ್ನು ಒಡೆಯಬೇಕು ಎಂದು ವಾದಿಸಿದರು. ಇಂಥ ವೇದಿಕೆ ಇರಬೇಕು, ಅನುಮಾನವಿಲ್ಲ. ಆದರೆ ಭಾಷಣ ಮುಗಿದರೆ ಚಪ್ಪಾಳೆ, ಮಾರನೇ ದಿನ ಇನ್ನೊಂದು ಭಾಷಣ. ಸಹಿ ಹಾಕಿದ ಕಾಗದ ಹಾಗಲ್ಲ, ಅದು ಬಿಡದೆ ಬೆನ್ನು ಹತ್ತುತ್ತದೆ.

2017ರ ಮಾರ್ಚ್‌ನಲ್ಲಿ ಆದದ್ದನ್ನು ನೋಡಿ. ಟ್ರಂಪ್ ಸರ್ಕಾರ ಹಲವು ಮುಸ್ಲಿಂ ಬಹುಸಂಖ್ಯಾತ ದೇಶಗಳ ಪ್ರಜೆಗಳಿಗೆ ಬಾಗಿಲು ಹಾಕಿ ಕೆಲವೇ ವಾರ ಆಗಿತ್ತು. ಅಮೆರಿಕದ ಒಬ್ಬ ಸಂಗೀತಗಾರ ಈ ಉತ್ಸವದ ಕರಾರಿನ ಒಂದು ಭಾಗವನ್ನು ಫೋಟೋ ಹಿಡಿದು ಟ್ವಿಟರಿಗೆ ಹಾಕಿದರು. ಹೊರದೇಶದ ಕಲಾವಿದರು ಉತ್ಸವದ ಹೊರಗಿನ ಕಾರ್ಯಕ್ರಮಗಳಲ್ಲಿ ನುಡಿಸಿದರೆ ಗಡಿಪಾರು ಆಗಬಹುದು ಎಂಬ ಎಚ್ಚರಿಕೆ ಅದರಲ್ಲಿತ್ತು. ಜೊತೆಗೆ, ಕಲಾವಿದರ ನಡವಳಿಕೆಯಿಂದ ಅಧಿಕೃತ ಕಾರ್ಯಕ್ರಮಕ್ಕೆ ಧಕ್ಕೆ ಬಂದಿದೆ ಎಂದು ಸಂಘಟಕರಿಗೆ ಅನ್ನಿಸಿದರೆ ವಲಸೆ ಅಧಿಕಾರಿಗಳಿಗೆ ತಿಳಿಸುತ್ತೇವೆ ಎಂದೂ ಇತ್ತು.

ಕರಾರು ಬರೆಯುವವರಿಗೆ ಈ ಷರತ್ತು ಎಲ್ಲಿಂದ ಬಂತು ಅಂತ ಗೊತ್ತಾಗುತ್ತದೆ. ಹೊರದೇಶದ ತಂಡ ಅಮೆರಿಕದಲ್ಲಿ ದುಡ್ಡಿಗೆ ನುಡಿಸಬೇಕಾದರೆ ಕಲಾವಿದರ ಕೆಲಸದ ವೀಸಾ ಬೇಕು. ಉದ್ಯಮದವರ ಎದುರು ಪುಕ್ಕಟೆ ನುಡಿಸಿ ತೋರಿಸುವುದಕ್ಕೆ ಮಾತ್ರ ಸಂದರ್ಶಕರ ದಾರಿಯಲ್ಲೇ ಬರಲು ಒಂದು ಸಣ್ಣ ಸಂದಿ ಇದೆ. ಅದೇ ಊರಿನ ಇನ್ನೊಂದು ಬಾರಿನಲ್ಲಿ ಟಿಕೆಟ್ ಇಟ್ಟ ಕಾರ್ಯಕ್ರಮದಲ್ಲಿ ನುಡಿಸಿದರೆ ಆ ಸಂದಿ ಮುಚ್ಚಿಹೋಗುತ್ತದೆ. ಆ ತಿಂಗಳೇ ಸೋವಿಯತ್ ಸೋವಿಯತ್ ಎಂಬ ಇಟಲಿಯ ತಂಡಕ್ಕೆ ಹೀಗೇ ಆಯಿತು. ಸಿಯಾಟಲ್ ವಿಮಾನ ನಿಲ್ದಾಣದಲ್ಲಿ ಅವರನ್ನು ತಡೆದು, ರಾತ್ರಿಯಿಡೀ ಬಂಧನದಲ್ಲಿಟ್ಟು, ವಾಪಸ್ ಕಳಿಸಿದರು. ಅವರ ಪ್ರವಾಸದ ಕೆಲವು ಕಾರ್ಯಕ್ರಮಗಳಿಗೆ ಪ್ರವೇಶ ಶುಲ್ಕ ಇದ್ದದ್ದೇ ಮುಳುವಾಯಿತು ಎಂದು ತಂಡದವರು ಆಮೇಲೆ ಬರೆದುಕೊಂಡರು.

ಅಂದರೆ ಎಚ್ಚರಿಕೆಯ ಭಾಗಕ್ಕೆ ಅರ್ಥವಿತ್ತು. ವಲಸೆ ಕಾನೂನು ಹೀಗಿದೆ, ಹುಷಾರು ಎಂದು ತಿಳಿಸುವುದು ಸಂಘಟಕರ ಕರ್ತವ್ಯವೇ. ನಾವೇ ಹೋಗಿ ಹೇಳುತ್ತೇವೆ ಎನ್ನುವುದು ಪೂರ್ತಿ ಬೇರೆ ವಿಷಯ. ಅಲ್ಲಿ ಉತ್ಸವ ಆತಿಥೇಯನ ಜಾಗ ಬಿಟ್ಟು ಪೊಲೀಸರ ಜಾಗದಲ್ಲಿ ನಿಂತುಬಿಡುತ್ತದೆ. ಅದನ್ನೂ ಯಾರ ಅಭಿಪ್ರಾಯದ ಮೇಲೆ? ತನ್ನದೇ ಅಭಿಪ್ರಾಯದ ಮೇಲೆ. ವೇದಿಕೆಯಲ್ಲಿ ಬೆಂಕಿಯಾಟ ಆಡಿ ಜನರ ಜೀವಕ್ಕೆ ಅಪಾಯ ತರುವಂಥ, ಬಾರಿನಲ್ಲಿ ಹೊಡೆದಾಟ ಮಾಡುವಂಥ ಅತಿರೇಕಕ್ಕೆ ಮಾತ್ರ ಅದು ಇತ್ತು, ಒಮ್ಮೆಯೂ ಬಳಸಿಲ್ಲ ಎಂದು ಉತ್ಸವದ ಮುಖ್ಯಸ್ಥ ರೋಲಂಡ್ ಸ್ವೆನ್ಸನ್ ವಿವರಿಸಿದರು. ಇರಬಹುದು. ಆದರೆ ಬಳಸದ ಷರತ್ತೂ ಕರಾರಿನಲ್ಲಿ ಇದ್ದಷ್ಟು ದಿನ ಹೆದರಿಸುತ್ತಲೇ ಇರುತ್ತದೆ. ಆ ಸಾಲು ಅದಕ್ಕೂ ಮುಂಚಿನಿಂದಲೇ ಇತ್ತು, ಯಾರೂ ಗಮನಿಸಿರಲಿಲ್ಲ. ಶ್ವೇತಭವನದ ಒಂದು ಆದೇಶ ಬಂದ ಮೇಲೆ ಅದೇ ಸಾಲಿಗೆ ಹಲ್ಲು ಮೊಳೆಯಿತು. ಉತ್ಸವ ಕ್ಷಮೆ ಕೇಳಿತು, ಮುಂದಿನ ವರ್ಷದಿಂದ ತೆಗೆಯುವುದಾಗಿ ಹೇಳಿತು. ನಿಷೇಧಕ್ಕೆ ಸಿಕ್ಕ ದೇಶಗಳ ಮೂಲದ ಕಲಾವಿದರಿಗಾಗಿಯೇ ಆ ವರ್ಷ ಒಂದು ಕಾರ್ಯಕ್ರಮವೂ ಅದೇ ಉತ್ಸವದಲ್ಲಿ ನಡೆಯಿತು. ಒಂದೇ ಸಂಸ್ಥೆ, ಒಂದೇ ವಾರ, ಎರಡೂ ನಿಜ.

ಎರಡು ತಿಂಗಳಿಗೆ ಇನ್ನೊಂದು ಒತ್ತಡ ಬಂತು. ವಲಸಿಗರ ವಿಷಯದಲ್ಲಿ ಸ್ಥಳೀಯ ಪೊಲೀಸರು ಕೇಂದ್ರದ ಅಧಿಕಾರಿಗಳಿಗೆ ನೆರವಾಗಲೇಬೇಕು ಎಂಬ ಕಾನೂನಿಗೆ ಗವರ್ನರ್ ಅಬಟ್ ಸಹಿ ಹಾಕಿದರು. ಟೆಕ್ಸಸ್ ಬಿಟ್ಟು ಬೇರೆ ಕಡೆ ಉತ್ಸವ ಮಾಡಿ ಎಂದು ಇಬ್ಬರು ಸೆನೆಟರುಗಳು ಪತ್ರ ಬರೆದರು. ಸಂಘಟಕರು ಬಿಡಲಿಲ್ಲ. ಅದು ಸರಿಯಾದ ನಿರ್ಧಾರ ಎಂದೇ ನನ್ನ ಭಾವನೆ. ಆಸ್ಟಿನ್ ಉದಾರವಾದಿ ಊರು, ಟೆಕ್ಸಸ್ ಸಂಪ್ರದಾಯವಾದಿ ರಾಜ್ಯ. ಶಾಸನಸಭೆಯ ಗುಮ್ಮಟದಿಂದ ಸಿಕ್ಸ್ತ್ ಸ್ಟ್ರೀಟಿನ ಬಾರುಗಳಿಗೆ ನಡೆದೇ ಹೋಗಬಹುದು. ಕಾನೂನಿನ ಬಿಸಿ ತಟ್ಟುವುದು ಆ ಊರಿನ ಜನಕ್ಕೆ. ಅವರನ್ನು ಬಿಟ್ಟು ಹೋದರೆ ಶಿಕ್ಷೆ ಆಗುವುದೂ ಅವರಿಗೇ, ಅಲ್ವಾ?

ಊರಿನ ಮಾತು ಬಂದದ್ದಕ್ಕೆ, ದುಡ್ಡು ಬಂದಾಗ ಆ ಊರಿನಲ್ಲಿ ಏನಾಯಿತು ಎನ್ನುವ ಎರಡು ಸಂಗತಿ. ಲಿಬರ್ಟಿ ಲಂಚ್ ಎಂಬ ಹೆಸರಾಂತ ಸಂಗೀತ ತಾಣ 1999ರಲ್ಲಿ ಮುಚ್ಚಿತು. ಆ ಜಾಗ ಒಂದು ಕಂಪ್ಯೂಟರ್ ಕಂಪನಿಯ ಕಚೇರಿಗೆ ಹೋಯಿತು. 2012ರ ಉತ್ಸವದಲ್ಲಿ ಒಂದು ಜಾಹೀರಾತು ಸಂಸ್ಥೆ, ಮನೆಯಿಲ್ಲದ ಜನರ ಕೈಗೆ ವೈ-ಫೈ ಸಾಧನ ಕೊಟ್ಟು ಬೀದಿಯಲ್ಲಿ ನಿಲ್ಲಿಸಿತು. ನಾನೊಂದು 4ಜಿ ಹಾಟ್‌ಸ್ಪಾಟ್ ಎಂದು ಅವರ ಟೀ ಶರ್ಟಿನ ಮೇಲೆ ಬರೆದಿತ್ತು. ಅವರಿಗೆ ನಾಲ್ಕು ಕಾಸು ಸಿಕ್ಕಿತು ಎನ್ನುವುದು ಸಮರ್ಥಕರ ವಾದ. ಮನುಷ್ಯನನ್ನು ಕಂಬದ ಹಾಗೆ ಬಳಸಿದ್ದು ನನಗೆ ಈಗಲೂ ನುಂಗಲಾಗದ ತುತ್ತು.

ಮತ್ತೆ 2024ಕ್ಕೆ ಬರೋಣ. ಆ ವರ್ಷ ಅಧಿಕೃತ ಕಾರ್ಯಕ್ರಮಕ್ಕೆ ಒಂದು ತಂಡಕ್ಕೆ ಸಿಗುತ್ತಿದ್ದದ್ದು 350 ಡಾಲರ್, ಒಬ್ಬರೇ ಹಾಡಿದರೆ 150. ಅದಕ್ಕೂ ಹಿಂದೆ 250 ಮತ್ತು 100 ಇತ್ತು. ಅರ್ಜಿ ಹಾಕಲು 55 ಡಾಲರ್ ಕಟ್ಟಬೇಕಿತ್ತು. ಇದನ್ನು ಹೆಚ್ಚಿಸಿ ಎಂದು ಸಂಗೀತಗಾರರ ಒಂದು ಸಂಘಟನೆ ಗಟ್ಟಿಯಾಗಿ ಹೋರಾಡುತ್ತಿತ್ತು. ಸಂಭಾವನೆಯ ಈ ಜಗಳ, ಸೇನೆಯ ಲೋಗೋದ ಆ ಜಗಳ ಬೇರೆ ಬೇರೆ ಅಂತ ಅನ್ನಿಸಬಹುದು. ಎರಡರ ಬೇರೂ ಒಂದೇ. ಉತ್ಸವಕ್ಕೆ ಮುಖ ಕೊಡುವವರಿಗೆ ದುಡ್ಡಿನಲ್ಲೂ ಪಾಲಿಲ್ಲ, ದುಡ್ಡು ಯಾರಿಂದ ಬರಬೇಕು ಎನ್ನುವುದರಲ್ಲೂ ಮಾತಿಲ್ಲ.

ಹಿಂದೆ ಸರಿದವರಿಗೆ ನಷ್ಟ ಆಯಿತು. ವಿಮಾನದ ಟಿಕೆಟ್, ಕೊಠಡಿ ಬಾಡಿಗೆ, ತಿಂಗಳುಗಟ್ಟಲೆ ತಾಲೀಮು. ದೊಡ್ಡ ಹೆಸರಿನವರು ಹೇಗೋ ತಡೆದುಕೊಳ್ಳುತ್ತಾರೆ, ಮೊದಲ ಆಲ್ಬಂ ಕೈಯಲ್ಲಿ ಹಿಡಿದು ಬಂದವರು ಹೇಗೆ? ಆದರೂ ಸರಿದರು. ಅವರ ಬಗ್ಗೆ ನನಗೆ ದೊಡ್ಡ ಗೌರವ. ಅದೇ ಜೂನ್‌ನಲ್ಲಿ ಉತ್ಸವ ಮಣಿಯಿತು. 2025ಕ್ಕೆ ಅಮೆರಿಕದ ಸೇನೆಯಾಗಲಿ ಆಯುಧ ತಯಾರಿಸುವ ಕಂಪನಿಗಳಾಗಲಿ ಪ್ರಾಯೋಜಕರಾಗಿ ಇರುವುದಿಲ್ಲ ಎಂದು ಪ್ರಕಟಿಸಿತು. ಭಾಷಣದಿಂದ ಆಗದ್ದು ಖಾಲಿ ವೇದಿಕೆಯಿಂದ ಆಯಿತು.

ನಮ್ಮ ಕಡೆಯ ತಂಡಗಳಿಗೆ ದಾರಿ ಇನ್ನೂ ಕಿರಿದು. ಐರ್ಲೆಂಡ್, ಇಟಲಿಯವರಿಗೆ ವೀಸಾ ಇಲ್ಲದೆ ಆನ್‌ಲೈನ್ ಅನುಮತಿಯಲ್ಲೇ ಬರುವ ಸೌಲಭ್ಯವಿದೆ, ಭಾರತೀಯರಿಗೆ ಇಲ್ಲ. ಪುಕ್ಕಟೆ ನುಡಿಸಲೂ ವೀಸಾ ಸಂದರ್ಶನ ಆಗಬೇಕು. ದುಡ್ಡಿಗೆ ನುಡಿಸುವ ತಂಡಗಳಿಗೆ ಬೇಕಾದ ಪಿ ವೀಸಾದ ಅರ್ಜಿ ಶುಲ್ಕ 2024ರ ಏಪ್ರಿಲ್‌ನಲ್ಲಿ 460 ಡಾಲರ್‌ನಿಂದ ದೊಡ್ಡ ಸಂಸ್ಥೆಗಳಿಗೆ 1,615ಕ್ಕೆ ಏರಿತು. ಇಷ್ಟೆಲ್ಲ ಖರ್ಚು ಮಾಡಿ ಹೋದ ಹುಡುಗರಿಗೆ, ಬೇಡ ಎನ್ನಿಸಿದರೆ ವಾಪಸ್ ಬನ್ನಿ ಎಂದು ಸುಮ್ನೆ ಹೇಳಿಬಿಡುವುದು ನ್ಯಾಯವಲ್ಲ. ಬೇಡ ಎನ್ನುವ ಅವಕಾಶ ಹೊರಡುವ ಮುಂಚೆ, ಕಾಗದದಲ್ಲೇ ಸಿಗಬೇಕು.

ಅದಕ್ಕೆ ನನ್ನ ಹತ್ತಿರ ಬರುವ ತಂಡಗಳಿಗೆ, ಕಾರ್ಯಕ್ರಮ ಬೆಂಗಳೂರಿನದಿರಲಿ ಹೊರದೇಶದ್ದಿರಲಿ, ಕರಾರಿನಲ್ಲಿ ಮೂರು ಸಾಲು ಕೇಳಿ ಎನ್ನುತ್ತೇನೆ. ಸಹಿಗೆ ಮೊದಲು ಮುಖ್ಯ ಪ್ರಾಯೋಜಕರ ಪಟ್ಟಿ ಬರಹದಲ್ಲಿ ಕೊಡಬೇಕು. ಆಮೇಲೆ ಹೊಸ ಪ್ರಾಯೋಜಕರು ಸೇರಿದರೆ ಇಂತಿಷ್ಟು ದಿನದೊಳಗೆ ತಿಳಿಸಬೇಕು. ಆ ಹೆಸರು ತಂಡಕ್ಕೆ ಒಪ್ಪಿಗೆಯಾಗದಿದ್ದರೆ ದಂಡ ಕಟ್ಟದೆ, ತೆಗೆದುಕೊಂಡ ಅಡ್ವಾನ್ಸ್ ಮಾತ್ರ ವಾಪಸ್ ಕೊಟ್ಟು ಹಿಂದೆ ಸರಿಯಲು ಬಿಡಬೇಕು. ಸಂಘಟಕರು ಮೂರನೆಯದಕ್ಕೆ ತಕರಾರು ತೆಗೆಯುವುದೇ ಜಾಸ್ತಿ. ಮೊದಲ ಎರಡಕ್ಕೆ ಬಹುತೇಕ ಒಪ್ಪುತ್ತಾರೆ.