ಕ್ಲೀನಿಂಗ್ ಮಾಡಿಸಿದರೆ ಹಲ್ಲು ಸಡಿಲವಾಗುತ್ತದೆಯೇ?

‘ಕ್ಲೀನಿಂಗ್ ಮಾಡಿಕೊಡಿ ಡಾಕ್ಟ್ರೇ’ ಎಂದು ಬರುವ ಒಬ್ಬೊಬ್ಬರ ಮನಸ್ಸಿನಲ್ಲೂ ಒಂದೊಂದು ಚಿಕಿತ್ಸೆ ಇರುತ್ತದೆ. ಎಲೆಯಡಿಕೆಯ ಕಲೆ ಹೋಗಬೇಕೆನ್ನುವವರು, ಬಾಯಿಯ ದುರ್ವಾಸನೆಗೆ ಬೇಸತ್ತವರು, ಮದುವೆಯ ಹೊತ್ತಿಗೆ ಹಲ್ಲು ಬೆಳ್ಳಗಾಗಬೇಕೆನ್ನುವವರು, ಎಲ್ಲರೂ ಕೇಳುವುದು ಅದನ್ನೇ. ನಮಗೆ ಇವು ಬೇರೆ ಬೇರೆ ಕೆಲಸಗಳು. ಗಟ್ಟಿಯಾದ ಪಾಚಿಯನ್ನು, ಅಂದರೆ ಟಾರ್ಟರನ್ನು ತೆಗೆಯುವುದು ಸ್ಕೇಲಿಂಗ್. ಮೇಲಿನ ಕಲೆಯನ್ನು ಉಜ್ಜಿ ನುಣುಪು ಮಾಡುವುದು ಪಾಲಿಶಿಂಗ್. ಒಸಡಿನೊಳಗೆ ಬೇರಿಗೆ ಅಂಟಿದ್ದನ್ನು ಸಾಮಾನ್ಯವಾಗಿ ಮರಗಟ್ಟುವ ಇಂಜೆಕ್ಷನ್ ಕೊಟ್ಟು ತೆಗೆಯುವುದು ಡೀಪ್ ಕ್ಲೀನಿಂಗ್. ಪೆರಾಕ್ಸೈಡ್‌ನಿಂದ ಹಲ್ಲಿನ ಬಣ್ಣವನ್ನೇ ತಿಳಿಗೊಳಿಸುವುದು ಬ್ಲೀಚಿಂಗ್.

ಇವುಗಳಲ್ಲಿ ಸುಮ್ಮನೆ ಅಪವಾದ ಹೊತ್ತಿರುವುದು ಸ್ಕೇಲಿಂಗ್. ‘ಒಮ್ಮೆ ಮಾಡಿಸಿದರೆ ಹಲ್ಲು ಸಡಿಲವಾಗುತ್ತದೆ’ ಎಂಬ ಮಾತಿಗೆ ಹೆದರಿ, ಒಸಡಿನಿಂದ ರಕ್ತ ಬರುತ್ತಿದ್ದರೂ ವರ್ಷಗಟ್ಟಲೆ ತಡಮಾಡುವವರನ್ನು ನೋಡಿದಾಗ ನಿಜಕ್ಕೂ ಸಂಕಟವಾಗುತ್ತದೆ. ಕೆಳಗಿನ ಮುಂಭಾಗದ ಹಲ್ಲುಗಳ ಹಿಂಬದಿಯಲ್ಲಿ ಲಾಲಾರಸದ ನಾಳಗಳು ತೆರೆದುಕೊಳ್ಳುವುದರಿಂದ ಅಲ್ಲಿ ಪಾಚಿ ಬೇಗನೆ ಸುಣ್ಣಗಟ್ಟುತ್ತದೆ. ಆ ಒರಟು ಮೇಲ್ಮೈಯಲ್ಲಿ ಬ್ಯಾಕ್ಟೀರಿಯಾಗಳು ನೆಲೆಸಿ ಒಸಡು ಊದಿಕೊಳ್ಳುತ್ತದೆ. ರೋಗ ಆಳಕ್ಕಿಳಿದರೆ ಹಲ್ಲನ್ನು ಹಿಡಿದಿರುವ ಮೂಳೆ ಕರಗತೊಡಗುತ್ತದೆ. ಹಲ್ಲು ಸಡಿಲವಾಗುವುದು ಆಗ. ಆದರೂ ಬುಡ ಕೆಟ್ಟ ಬೇಲಿಗೂಟಗಳನ್ನು ಹಬ್ಬಿದ ಬಳ್ಳಿ ಹಿಡಿದು ನಿಲ್ಲಿಸಿದಂತೆ, ಸಾಲಾಗಿ ಕೂಡಿಕೊಂಡ ಟಾರ್ಟರ್ ಹಲ್ಲುಗಳನ್ನು ಒಂದಕ್ಕೊಂದು ಬಿಗಿದಿರುತ್ತದೆ. ಅದನ್ನು ತೆಗೆದ ದಿನ, ಮೊದಲೇ ಇದ್ದ ಅಲುಗಾಟ ನಾಲಿಗೆಗೆ ತಿಳಿಯುತ್ತದೆ. ಊತ ಇಳಿದಾಗ ಹಲ್ಲುಗಳ ನಡುವೆ ಸಂದು ಕಾಣಬಹುದು. ಕೆಲವು ದಿನ ತಣ್ಣೀರು ಜುಮ್ಮೆನ್ನಿಸಬಹುದು. ಇವನ್ನು ಕಂಡು ಯಂತ್ರ ಹಲ್ಲನ್ನು ಕೆರೆದುಹಾಕಿತೆಂದು ಭಾವಿಸಬೇಡಿ. ಸ್ಕೇಲರ್‌ನ ತುದಿ ಕ್ಷಣಕ್ಕೆ ಸಾವಿರಾರು ಸಲ ಕಂಪಿಸಿ ಟಾರ್ಟರನ್ನು ಸಿಡಿಸುತ್ತದೆ. ಸರಿಯಾಗಿ ಬಳಸಿದರೆ ಎನಾಮಲ್, ಅಂದರೆ ಹಲ್ಲಿನ ಗಟ್ಟಿ ಹೊರಪದರ, ಸವೆದುಹೋಗುವುದಿಲ್ಲ.

ವಯಸ್ಸಾದ ರೈತರೊಬ್ಬರನ್ನು ಅವರ ಸೊಸೆ ಕರೆತಂದಿದ್ದರು. ‘ಮುಂದಿನ ನಾಲ್ಕು ಹಲ್ಲು ಮಾತ್ರ ಮುಟ್ಟಬೇಡವ್ವಾ, ಅವೇ ಗಟ್ಟಿಯಾಗಿವೆ’ ಎಂದರು ಅಜ್ಜ. ಎಕ್ಸ್‌ರೇಯಲ್ಲಿ ನೋಡಿದರೆ ಮೂಳೆ ಬಹುಮಟ್ಟಿಗೆ ಕರಗಿದ್ದದ್ದು ಆ ನಾಲ್ಕರ ಸುತ್ತಲೇ. ಚಿತ್ರವನ್ನು ಅವರ ಕೈಗೇ ಕೊಟ್ಟು ಅಳಿದುಳಿದ ಮೂಳೆಯನ್ನು ತೋರಿಸಿದ ಬಳಿಕ ಒಪ್ಪಿದರು. ಎರಡನ್ನು ಉಳಿಸಿಕೊಳ್ಳಲಾಯಿತು. ಎಲ್ಲರಿಗೂ ಹಾಗಾಗುತ್ತದೆಂದು ಭರವಸೆ ಕೊಡಲಾರೆ. ಎಷ್ಟು ಮೂಳೆ ಉಳಿದಿದೆ ಎಂಬುದರ ಮೇಲೆ ಎಲ್ಲವೂ ನಿಂತಿದೆ.

ಕೋಲಾರದ ಕಡೆಯಿಂದ ಬರುವ ಯುವಕ ಯುವತಿಯರ ಕಂದುಗಲೆಯ ವಿಷಯ ಬೇರೆ. ಎಳವೆಯಲ್ಲಿ ಹೆಚ್ಚು ಫ್ಲೋರೈಡ್ ಇರುವ ಕೊಳವೆಬಾವಿಯ ನೀರು ಕುಡಿದದ್ದರಿಂದ ಆ ಬಣ್ಣ ಎನಾಮಲ್‌ನೊಳಗೇ ಸೇರಿರುತ್ತದೆ. ಇದ್ದಿಲು, ಇಟ್ಟಿಗೆಪುಡಿಗಳಿಂದ ಉಜ್ಜಿದರೆ ಹಲ್ಲು ಸವೆಯುತ್ತದೆಯೇ ಹೊರತು ಕಲೆ ಹೋಗದು, ಸ್ಕೇಲಿಂಗ್‌ನಿಂದಲೂ ಹೋಗದು. ಅದಕ್ಕೆ ಬೇರೆ ಚಿಕಿತ್ಸೆಗಳಿವೆ, ಕಲೆಯ ಆಳ ನೋಡಿ ಆರಿಸಬೇಕಾಗುತ್ತದೆ.

ಕ್ಲೀನಿಂಗ್ ಯಾವುದೇ ಆಗಲಿ, ಸಕ್ಕರೆ ಕಾಯಿಲೆ, ಕೃತಕ ಹೃದಯ ಕವಾಟ, ರಕ್ತ ತೆಳುಮಾಡುವ ಮಾತ್ರೆ ಇವುಗಳ ವಿಷಯವನ್ನು ಮೊದಲೇ ತಿಳಿಸಿ. ಮಾತ್ರೆಯನ್ನು ಮಾತ್ರ ನೀವಾಗಿಯೇ ನಿಲ್ಲಿಸಿ ಬರಬೇಡಿ. ಅದನ್ನು ಬರೆದುಕೊಟ್ಟ ವೈದ್ಯರನ್ನು ನಾವೇ ವಿಚಾರಿಸಿಕೊಳ್ಳುತ್ತೇವೆ.