ಪೆಂಗೋ ಎಂದರೆ ಯಾವುದು, ಯಾವುದಲ್ಲ

ಡಾಲರಿನೆದುರು ರೂಪಾಯಿ ಐವತ್ತು ಪೈಸೆ ಇಳಿದರೆ ಸಾಕು, ‘ಇನ್ನು ನಮ್ಮದೂ ಪೆಂಗೋ’ ಎಂದು ಯಾರಾದರೂ ಬರೆದೇ ಬರೆಯುತ್ತಾರೆ. ಬೆಲೆ ಕುಸಿದ ಹಣಕ್ಕೆಲ್ಲ ಅಂಟಿಸುವ ಅಡ್ಡಹೆಸರು ಅದಲ್ಲ. 1927ರಿಂದ 1946ರವರೆಗೆ ಹಂಗೇರಿಯಲ್ಲಿ ಚಲಾವಣೆಯಲ್ಲಿದ್ದ ಹಣ ಅದು. ಅದಕ್ಕೂ ಹಿಂದಿನ ಹಣದುಬ್ಬರದಲ್ಲಿ ಸೊರಗಿದ್ದ, ಕೊರೊನಾ ಎಂಬ ಅಲ್ಲಿನ ಹಳೆಯ ಹಣದ ಜಾಗಕ್ಕೆ ಬಂದದ್ದು. 12,500 ಕೊರೊನಾಕ್ಕೆ ಒಂದು ಪೆಂಗೋ.

ಹಂಗೇರಿಯನ್ನರ ಮಾತಿನಲ್ಲಿ ಪೆಂಗೋ ಎಂದರೆ ‘ಖಣಖಣಿಸುವ’. 19ನೇ ಶತಮಾನದಲ್ಲಿ ಅಲ್ಲಿನ ಹಣವಾಗಿದ್ದ ಫೋರಿಂಟಿನ ಬೆಳ್ಳಿ ನಾಣ್ಯವನ್ನು ಕಾಗದದ ಫೋರಿಂಟಿನಿಂದ ಬೇರೆಯಾಗಿ ಗುರುತಿಸಲು ‘ಪೆಂಗೋ ಫೋರಿಂಟ್’ ಎನ್ನುತ್ತಿದ್ದರು. ನಂಬಬಹುದಾದ ನಾಣ್ಯದ ಸದ್ದನ್ನೇ ಹೆಸರಾಗಿಸಿಕೊಂಡ ಹಣ ಕೊನೆಗೆ ಬರೀ ಕಾಗದವಾಗಿ ಸತ್ತಿತು.

ನನಗೆ ಸಿಟ್ಟು ಬರುವುದು ಸೊನ್ನೆಗಳ ವಿಷಯದಲ್ಲಿ. ಯುದ್ಧದಲ್ಲಿ ನುಚ್ಚುನೂರಾದ ದೇಶ, ತೆರಬೇಕಾದ ಯುದ್ಧಪರಿಹಾರ, ಖರ್ಚಿಗೆಲ್ಲ ನೋಟು ಅಚ್ಚು ಹಾಕುವ ಸರ್ಕಾರ: 1946ರ ಜುಲೈ ಹೊತ್ತಿಗೆ ಬೆಲೆಗಳು ಸುಮಾರು 15 ಗಂಟೆಗೊಮ್ಮೆ ದುಪ್ಪಟ್ಟಾಗುತ್ತಿದ್ದವು. ನೋಟಿನಲ್ಲಿ ಸೊನ್ನೆ ಹಿಡಿಸದಾದಾಗ ‘ಮಿಲ್‌ಪೆಂಗೋ’ ಬಂತು, ಅಂದರೆ ಹತ್ತು ಲಕ್ಷ ಪೆಂಗೋ. ಆಮೇಲೆ ‘ಬಿಲ್‌ಪೆಂಗೋ’. ಇದನ್ನು ನಮ್ಮವರು ಕಣ್ಣು ಮುಚ್ಚಿಕೊಂಡು ನೂರು ಕೋಟಿ ಎಂದು ಬರೆಯುತ್ತಾರೆ. ತಪ್ಪು. ಹಂಗೇರಿಯ ಬಿಲಿಯನ್ ನಾವು ಇಂಗ್ಲಿಷಿನಿಂದ ಕಲಿತ ಬಿಲಿಯನ್ ಅಲ್ಲ, ಅದರ ಸಾವಿರ ಪಟ್ಟು. ನಮ್ಮ ಲೆಕ್ಕದಲ್ಲಿ ಒಂದು ಲಕ್ಷ ಕೋಟಿ. ಚಲಾವಣೆಗೆ ಬಂದ ಅತಿದೊಡ್ಡ ನೋಟು ಹತ್ತು ಕೋಟಿ ಬಿಲ್‌ಪೆಂಗೋ, ಎಂದರೆ ಒಂದರ ಮುಂದೆ 20 ಸೊನ್ನೆ. ನೂರು ಕೋಟಿ ಬಿಲ್‌ಪೆಂಗೋ ನೋಟು ಅಚ್ಚಾಯಿತೇ ಹೊರತು ಚಲಾವಣೆಗೆ ಬರಲಿಲ್ಲ. 14 ಸೊನ್ನೆಯ ಜಿಂಬಾಬ್ವೆ ನೋಟನ್ನು ತೋರಿಸಿ ‘ಜಗತ್ತಿನಲ್ಲೇ ದೊಡ್ಡದು’ ಎನ್ನುವವರು ಸೊನ್ನೆ ಕಣ್ಣಿಗೆ ಕಂಡರಷ್ಟೇ ಎಣಿಸುತ್ತಾರೆ.

ಇನ್ನು ‘ಅಡೋಪೆಂಗೋ’, ಅಂದರೆ ತೆರಿಗೆ ಪೆಂಗೋ. ಇದನ್ನು ಬಿಲ್‌ಪೆಂಗೋದ ಅಣ್ಣನೆಂದು ತಿಳಿಯುವುದು ಇನ್ನೊಂದು ಚಾಳಿ. ಬಿಲ್‌ಪೆಂಗೋ ಸೊನ್ನೆ ಬರೆಯುವುದನ್ನು ತಪ್ಪಿಸುವ ಉಪಾಯ ಮಾತ್ರ. ಅಡೋಪೆಂಗೋ ಬೇರೆಯದೇ ಮಾನ: 1946ರ ಜನವರಿ 1ರಂದು ಒಂದು ಪೆಂಗೋಗೆ ಸಮವಾಗಿ ಹೊರಟು, ಬೆಲೆ ಸೂಚ್ಯಂಕದ ಜೊತೆಗೆ ಏರುತ್ತಿತ್ತು. ತೆರಿಗೆಯ ಮೌಲ್ಯ ಕರಗದಿರಲೆಂದು ಮಾಡಿದ ಈ ಲೆಕ್ಕದ ಹಣ ಕೆಲವೇ ತಿಂಗಳಲ್ಲಿ ನೋಟಾಗಿ ಅಂಗಡಿಗೂ ಬಂತು. ಆಗ ಹಳೆಯ ಪೆಂಗೋವನ್ನು ಕೈಯಲ್ಲಿಟ್ಟುಕೊಳ್ಳುವವರೇ ಇಲ್ಲವಾದರು.

1946ರ ಆಗಸ್ಟ್ 1ರಂದು ಫೋರಿಂಟ್ ಮರಳಿತು. ಒಂದು ಫೋರಿಂಟಿಗೆ 20 ಕೋಟಿ ಅಡೋಪೆಂಗೋ, ಸಾದಾ ಪೆಂಗೋದಲ್ಲಾದರೆ ನಾಲ್ಕರ ಮುಂದೆ 29 ಸೊನ್ನೆ. ಐವತ್ತು ಪೈಸೆಯ ಕುಸಿತವನ್ನು ಇದಕ್ಕೆ ಹೋಲಿಸುವವರು ಕಾಗದದ ಮೇಲೆ ಒಮ್ಮೆ ಬರೆದು ನೋಡಲಿ.