ಖಾಲಿ ತೋಟೆ ಮತ್ತು ಗೊಬ್ಬರದ ಗೋಡೌನು

ಆಗಸ್ಟ್ ಕೊನೆಗೆ, ಕೊಡವರ ಆಯುಧ ಹಬ್ಬ ಕೈಲ್ ಪೊಳ್ದ್ ಹತ್ತಿರ ಬರುತ್ತಿದ್ದ ಹಾಗೆ, ನನ್ನ ಕೋವಿ ರಿಪೇರಿ ಅಂಗಡಿಗೆ ಬಿಸ್ಕೆಟ್ ಡಬ್ಬಿಗಳು ಬರಲು ಶುರುವಾಗುತ್ತವೆ. ಒಳಗೆ ಬಿಸ್ಕೆಟ್ ಇರುವುದಿಲ್ಲ, ಖಾಲಿ ಹಿತ್ತಾಳೆ ತೋಟೆ, ಅಂದರೆ ಹೊಡೆದು ಮುಗಿದ ಕಾಡತೂಸು ಇರುತ್ತವೆ. ಕೆಲವು ಕಪ್ಪಾಗಿರುತ್ತವೆ, ಕೆಲವಕ್ಕೆ ಹಸಿರು ಹಿಡಿದಿರುತ್ತದೆ. "ಮಾವ, ಇದನ್ನ ಫಳಫಳ ಅನ್ನೋ ಹಾಗೆ ಮಾಡಿಕೊಡಿ" ಅನ್ನುತ್ತಾರೆ ಹುಡುಗರು. ಫಳಫಳ ಮಾಡುವುದು ಕಷ್ಟವೇನಲ್ಲ. ಆದರೆ ತೊಳೆಯುವುದು ಹೊಳಪಿಗಲ್ಲ, ತೋಟೆ ಸರಿಯಾಗಿ ಕಣ್ಣಿಗೆ ಕಾಣಲಿ ಅಂತ. ಮಸಿ ಕೆಳಗೆ ಬಿರುಕು ಇದ್ದರೆ ಯಾರಿಗೆ ಗೊತ್ತಾಗುತ್ತದೆ?

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಕೊಡವರಿಗೂ ಜಮ್ಮಾ (ಕೊಡಗಿನ ವಂಶಪಾರಂಪರ್ಯ ಜಮೀನು) ಹಿಡುವಳಿದಾರರಿಗೂ ಕೋವಿ ಲೈಸೆನ್ಸ್‌ನಿಂದ ವಿನಾಯಿತಿ ಇದೆ. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರವರೆಗೆ ಮುಂದುವರಿಸಿತು. ಅದು ಕೋವಿ ಇಟ್ಟುಕೊಳ್ಳುವುದಕ್ಕೆ, ಹಿಡಿದು ಓಡಾಡುವುದಕ್ಕೆ. ಖಾಲಿ ತೋಟೆಗೆ ಮತ್ತೆ ಕೇಪು (ಕಿಡಿ ಹೊತ್ತಿಸುವ ಬುಡದ ಟೊಪ್ಪಿ), ಮದ್ದು ತುಂಬಿದರೆ ಅದು ಮದ್ದುಗುಂಡು ತಯಾರಿಕೆ. ಅದಕ್ಕೆ 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಸೆಕ್ಷನ್ ಪ್ರಕಾರ ಬೇರೆಯೇ ಲೈಸೆನ್ಸ್ ಬೇಕು. ಹಾಗಾಗಿ ನಾನು ಇಲ್ಲಿ ತುಂಬುವ ವಿಷಯಕ್ಕೆ ಹೋಗುವುದಿಲ್ಲ. ತೊಳೆಯುವುದು, ನೋಡುವುದು, ಕಾಪಾಡುವುದು, ಅಷ್ಟೇ. ಲೈಸೆನ್ಸ್ ಇರುವವರಿಗೂ ಕೆಲಸ ಶುರುವಾಗುವುದು ಇಲ್ಲಿಂದಲೇ. ಉಳಿದವರಿಗೆ ಅಜ್ಜನ ಕಾಲದ ಹಿತ್ತಾಳೆ ತೋಟೆ ಉಳಿಸಿಕೊಳ್ಳುವುದಕ್ಕೆ ಇಷ್ಟು ಸಾಕು.

ಡಬ್ಬಿಯನ್ನು ಸುಮ್ನೆ ನೀರಿಗೆ ಸುರಿಯಬೇಡಿ. ಮೊದಲು ಹಳೆ ಪೇಪರ್ ಮೇಲೆ ಹರಡಿ. ಹೊಡೆಯದ ತೋಟೆ ಒಂದಾದರೂ ಸೇರಿಕೊಂಡಿದೆಯಾ ನೋಡಿ. ಇದ್ದರೆ ಅದು ಬೇರೆ ಜಾಗಕ್ಕೆ. ಜೀವ ಇರುವ ತೋಟೆಯನ್ನು ತೊಳೆಯಲೂಬಾರದು, ಉರುಳಿಸಲೂಬಾರದು. ಪಾಯಿಂಟ್ ಟೂ ಟೂ ಅನ್ನುವ ಸಣ್ಣ ರೈಫಲ್‌ನ ಕೇಸುಗಳನ್ನು (ತೋಟೆಯ ಖಾಲಿ ಚಿಪ್ಪು) ತೊಳೆದು ಎತ್ತಿಡುವವರಿದ್ದಾರೆ. ಅದರಲ್ಲಿ ಸಿಡಿಮದ್ದು ಅಂಚಿನೊಳಗೇ ಇರುತ್ತದೆ, ಒಮ್ಮೆ ಹೊಡೆದರೆ ಅದರ ಆಯಸ್ಸು ಮುಗಿಯಿತು. ಚರೆ ಹಾರಿಸುವ ಟ್ವೆಲ್ವ್ ಬೋರ್ ಕೋವಿಯ ಈಗಿನ ತೋಟೆಗಳಲ್ಲಿ ಜಾಸ್ತಿ ಪ್ಲಾಸ್ಟಿಕ್, ಬುಡಕ್ಕೆ ಮಾತ್ರ ಲೋಹದ ಟೊಪ್ಪಿ. ಅದಕ್ಕೆ ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಸಾಕು. ಪೂರ್ತಿ ಹಿತ್ತಾಳೆಯವು ಮತ್ತು ರೈಫಲ್ ಕೇಸುಗಳು, ಇವೆರಡಕ್ಕೇ ನಿಜವಾದ ಕೆಲಸ. ಹಿತ್ತಾಳೆ ಬಣ್ಣ ಇದ್ದರೂ ಅಯಸ್ಕಾಂತಕ್ಕೆ ಅಂಟಿಕೊಂಡರೆ ಅದು ಮೇಲ್ಪದರ ಹಾಕಿದ ಉಕ್ಕು. ಅದನ್ನು ಪಕ್ಕಕ್ಕಿಡಿ.

ತೋಟೆಗೆ ಹಿತ್ತಾಳೆಯೇ ಯಾಕೆ? ನೂರರಲ್ಲಿ 70 ಪಾಲು ತಾಮ್ರ, 30 ಪಾಲು ಸತು ಇರುವ ಈ ಹಿತ್ತಾಳೆ ಹಿಗ್ಗುತ್ತದೆ, ಹಾಗೇ ಕುಗ್ಗುತ್ತದೆ. ಹೊಡೆದಾಗ ಕೇಸು ಹಿಗ್ಗಿ, ಕೋವಿಯಲ್ಲಿ ತಾನು ಕೂರುವ ಗೂಡಿಗೆ ಒತ್ತಿಕೊಳ್ಳುತ್ತದೆ, ಹಿಂದಕ್ಕೆ ಅನಿಲ ಬಿಡುವುದಿಲ್ಲ. ಮರುಕ್ಷಣ ಸ್ವಲ್ಪ ಕುಗ್ಗುತ್ತದೆ, ಅದಕ್ಕೇ ಸಲೀಸಾಗಿ ಹೊರಗೆ ಬರುತ್ತದೆ. ಈ ಗುಣ ಬರಲು ಕಾರ್ಖಾನೆಯಲ್ಲಿ ಹಿತ್ತಾಳೆ ಬಿಲ್ಲೆಯನ್ನು ತಣ್ಣಗಿದ್ದಾಗಲೇ ಎಳೆದು ಎಳೆದು ಕೊಳವೆ ಮಾಡುತ್ತಾರೆ. ರೈಫಲ್ ಕೇಸಿನ ಬಾಯಿಯನ್ನು ಕಾಯಿಸಿ ಮೆದು ಮಾಡುತ್ತಾರೆ, ಬುಡವನ್ನು ಗಟ್ಟಿಯಾಗಿಯೇ ಬಿಡುತ್ತಾರೆ. ಹೀಗೆ ಎಳೆದ ಲೋಹದ ಒಳಗೆ ಒಂದು ಬಿಗಿತ ಉಳಿದಿರುತ್ತದೆ. ಹೊರಗೆ ಕಾಣುವುದಿಲ್ಲ.

ಬ್ರಿಟಿಷರಿಗೆ ಈ ಬಿಗಿತದ ಬಿಸಿ ತಟ್ಟಿದ್ದು ನಮ್ಮ ದೇಶದಲ್ಲೇ. ಮಳೆಗಾಲದಲ್ಲಿ ಸೈನ್ಯದ ಓಡಾಟ ಕಡಿಮೆ. ಮದ್ದುಗುಂಡನ್ನು ಕುದುರೆ ಲಾಯಗಳಲ್ಲಿ ಇಟ್ಟರು. ಮಳೆ ಮುಗಿದ ಮೇಲೆ ತೆಗೆದು ನೋಡಿದರೆ ಕೇಸುಗಳು ತಾವಾಗಿಯೇ ಸೀಳಿದ್ದವು. ಯಾರೂ ಮುಟ್ಟಿರಲಿಲ್ಲ, ಹೊಡೆದಿರಲಿಲ್ಲ. ಮಳೆಗಾಲಕ್ಕೇ ಆಗುತ್ತಿದ್ದರಿಂದ 'ಸೀಸನ್ ಕ್ರ್ಯಾಕಿಂಗ್' ಅಂತ ಹೆಸರಿಟ್ಟರು. ಕಾರಣ ಖಚಿತವಾಗಿದ್ದು 1921ರಲ್ಲಿ. ಕುದುರೆ ಮೂತ್ರದಿಂದ ಏಳುವ ಅಮೋನಿಯ, ಮಳೆಯ ತೇವ, ಹಿತ್ತಾಳೆಯೊಳಗಿನ ಬಿಗಿತ ಮೂರೂ ಸೇರಿದರೆ ಬಿರುಕು ಗ್ಯಾರಂಟಿ.

ಇದನ್ನು ಇಷ್ಟುದ್ದ ಹೇಳಿದ್ದಕ್ಕೆ ಕಾರಣ ಇದೆ. ಕೊಡಗಿನ ಎಷ್ಟು ತೋಟದ ಮನೆಗಳಲ್ಲಿ ತೋಟೆ ಪೆಟ್ಟಿಗೆ ಎಲ್ಲಿರುತ್ತದೆ ಹೇಳಿ? ಗೊಬ್ಬರದ ಗೋಡೌನಿನಲ್ಲಿ. ಪಕ್ಕದಲ್ಲೇ ಯೂರಿಯಾ ಚೀಲ, ಹೊರಗೆ ಜೂನ್‌ನಿಂದ ಬಿಡದೆ ಸುರಿಯುವ ಮಳೆ. ಇಲ್ಲದಿದ್ದರೆ ಕೊಟ್ಟಿಗೆ ಅಟ್ಟ, ಅಥವಾ ಕೋಳಿ ಗೂಡಿನ ಪಕ್ಕದ ಕೋಣೆ. ಅಮೋನಿಯವೂ ಉಂಟು, ತೇವವೂ ಉಂಟು. ಲಾಯಕ್ಕೂ ಇದಕ್ಕೂ ಏನು ವ್ಯತ್ಯಾಸ? ಪಾಲಿಶ್ ವಿಷಯವೂ ಹಾಗೇ. ದೀಪ, ಚೊಂಬು ಉಜ್ಜುವ ಕೆಲವು ಲೋಹದ ಪಾಲಿಶ್‌ಗಳಲ್ಲಿ ಅಮೋನಿಯ ಇರುತ್ತದೆ. ಮುಚ್ಚಳ ತೆಗೆದಾಗ ಮೂಗಿಗೆ ಚುರ್ ಅಂತ ಹೊಡೆದರೆ ಅದು ದೀಪಕ್ಕೇ ಇರಲಿ, ತೋಟೆ ಹತ್ತಿರ ತರಬೇಡಿ.

ಇನ್ನು ತೊಳೆಯುವ ಕ್ರಮ. ಒಂದು ಲೀಟರ್ ಬೆಚ್ಚಗಿನ ನೀರಿಗೆ ಒಂದು ಟೀ ಚಮಚ ನಿಂಬೆ ಉಪ್ಪು (ಸಿಟ್ರಿಕ್ ಆಸಿಡ್), ಪಾತ್ರೆ ತೊಳೆಯುವ ದ್ರವ ನಾಲ್ಕು ಹನಿ. ಹತ್ತು ನಿಮಿಷ ಬಿಟ್ಟು, ನಡುವೆ ಕೈಯಾಡಿಸಿ. ಕೈಗೆ ರಬ್ಬರ್ ಗ್ಲೌಸ್ ಇರಲಿ. ನೀರು ಕೊಳೆತ ಕಾಫಿ ಬಣ್ಣಕ್ಕೆ ತಿರುಗುತ್ತದೆ. ಮಸಿ ಬಿಟ್ಟ ಲಕ್ಷಣ ಅದು. ಮೇಲೆ ಎರಡು ಮೂರು ಸಲ ಒಳ್ಳೆ ನೀರಲ್ಲಿ ಜಾಲಿಸಿ. ಹುಳಿ ಜಾಸ್ತಿ ಹಾಕಿದರೆ, ರಾತ್ರಿಯಿಡೀ ಬಿಟ್ಟರೆ, ಕೇಸು ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಚೆಂದ ಕಾಣುತ್ತದೆ, ಆದರೆ ಅದು ಹಾಳಾಗುತ್ತಿರುವ ಗುರುತು. ಸತು ಹೊರಟು ಹೋಗಿ ಮೇಲೆ ತಾಮ್ರ ಉಳಿದಿದೆ ಅಂತ ಅರ್ಥ. ಹುಣಸೆಹಣ್ಣಿಗೆ ಉಪ್ಪು ಬೆರೆಸಿ ಉಜ್ಜುವ ಅಭ್ಯಾಸವೂ ಬೇಡ, ಉಪ್ಪಿನ ಅಂಶ ಉಳಿದರೆ ಮತ್ತೆ ಹಸಿರು ಹಿಡಿಯುತ್ತದೆ. ಕಾಚಂಪುಳಿಯಲ್ಲಿ (ಕೊಡಗಿನ ಕಪ್ಪು ಹುಳಿ) ನೆನೆಸಿದ್ದೇನೆ ಅಂತ ಒಬ್ಬರು ಹೆಮ್ಮೆಯಿಂದ ತಂದು ತೋರಿಸಿದ್ದರು. ಅದರ ಬೆಲೆ ಗೊತ್ತಿರುವವರು ಪಂದಿ ಕರಿಗೆ, ಅಂದರೆ ಹಂದಿ ಸಾರಿಗೆ ಉಳಿಸಿಕೊಳ್ಳುತ್ತಾರೆ, ಅಲ್ವಾ?

ನಮ್ಮ ಮಳೆಗಾಲದಲ್ಲಿ ದೊಡ್ಡ ತಲೆನೋವು ಒಣಗಿಸುವುದು. ಒಲೆ ಮೇಲೆ, ಕೆಂಡದ ಹತ್ತಿರ ಇಡಲೇಬೇಡಿ. ಸುಮಾರು 250 ಡಿಗ್ರಿ ದಾಟಿದರೆ ಹಿತ್ತಾಳೆ ಮೆದುವಾಗತೊಡಗುತ್ತದೆ. ಗಟ್ಟಿಯಾಗಿರಬೇಕಾದ ಬುಡ ಮೆದುವಾದ ಕೇಸು ಕೋವಿಗೂ ಅಪಾಯ, ಹಿಡಿದವರಿಗೂ ಅಪಾಯ. ನೀರು ಕೊಡವಿ, ಬಾಯಿ ಕೆಳಗೆ ಮಾಡಿ ಬಟ್ಟೆ ಮೇಲೆ ಇಟ್ಟು ಫ್ಯಾನ್ ಹಾಕಿದರೆ ಸಾಕು. ಒಂದೆರಡು ದಿನ ಹೋಗಲಿ. ಕಾಫಿ ಒಣಗಿಸುವ ಕಣದಲ್ಲಿ ಹರಡುವುದು ಬೇಡವೇ ಬೇಡ.

ಯಾಕೆಂದರೆ ಆ ಮಸಿಯಲ್ಲಿ ಸೀಸ ಇರುತ್ತದೆ. ಸಾಮಾನ್ಯ ಕೇಪಿನ ಸಿಡಿಮದ್ದಿನಲ್ಲೇ ಸೀಸದ ಅಂಶ ಇದೆ. ಅಡುಗೆ ಪಾತ್ರೆ ಬಳಸಬೇಡಿ, ಕೆಲಸ ಮಾಡುತ್ತಾ ಎಲೆ ಅಡಿಕೆ ಹಾಕಬೇಡಿ, ಕೇಸಿನೊಳಗೆ ಬಾಯಿಂದ ಊದಬೇಡಿ. ಮಕ್ಕಳಿಗೆ ಪೀಪಿ ಊದಲು ಖಾಲಿ ತೋಟೆ ಕೊಡುವುದನ್ನಂತೂ ನಿಲ್ಲಿಸಿ. ತೊಳೆದ ನೀರು ಬಾವಿ, ತೋಡಿನ ಕಡೆ ಹೋಗಬಾರದು. ಜೋಳದ ದಿಂಡಿನ ಪುಡಿಯಲ್ಲಿ ಮೆಷಿನ್ ಹಾಕಿ ಉರುಳಿಸುವ ಒಣ ವಿಧಾನವೂ ಇದೆ. ಅದರ ಧೂಳೇ ಸಮಸ್ಯೆ. ಹಾಗಾಗಿ ನಾನು ನೀರಿನ ಕಡೆಯವನು.

ಒಣಗಿದ ಮೇಲೆ ಒಂದೊಂದನ್ನೂ ಬೆಳಕಿಗೆ ಹಿಡಿದು ತಿರುಗಿಸಿ. ಬಾಯಿ ಹತ್ತಿರ ಕೂದಲೆಳೆಯಂಥ ಗೀರು ಇದೆಯಾ? ಉಗುರಿನಿಂದ ಎಳೆದು ನೋಡಿ, ಸಿಕ್ಕಿಕೊಂಡರೆ ಬಿರುಕು. ರೈಫಲ್ ಕೇಸಾದರೆ ಬುಡದಿಂದ ಸ್ವಲ್ಪ ಮೇಲೆ ಸುತ್ತಲೂ ಹೊಳೆಯುವ ಉಂಗುರ ಕಾಣುತ್ತದಾ? ಒಳಗೆ ಗೋಡೆ ತೆಳುವಾಗಿದೆ ಅಂತ ಸಂಶಯ ಪಡಬೇಕು. ತೆಳು ತಂತಿಯ ತುದಿ ಬಗ್ಗಿಸಿ ಒಳಗೋಡೆಗೆ ಆನಿಸಿ ಬುಡದಿಂದ ಮೇಲಕ್ಕೆ ಎಳೆಯಿರಿ. ಹಳ್ಳಕ್ಕೆ ಬಿದ್ದಂತೆ ತಂತಿ ತಡವರಿಸಿದರೆ ಮುಂದಿನ ಹೊಡೆತಕ್ಕೆ ಕೇಸು ಎರಡಾಗಬಹುದು. ಬರೀ ಕಪ್ಪಾಗಿದ್ದರೆ ಚಿಂತೆ ಇಲ್ಲ. ಹಸಿರು ಕೆರೆದಾಗ ಅಡಿಯಲ್ಲಿ ಗುಳಿ ಕಂಡರೆ ಮಾತ್ರ ಬಿಟ್ಟುಬಿಡಿ. ಹಳೆ ಚರ್ಮದ ತೋಟೆ ಬೆಲ್ಟಿನಿಂದ ತೆಗೆದವುಗಳಲ್ಲಿ ಇದು ಜಾಸ್ತಿ. ಚರ್ಮ ಹದ ಮಾಡಲು ಬಳಸಿದ ವಸ್ತುವೇ ಹಿತ್ತಾಳೆಯನ್ನು ತಿನ್ನುತ್ತದೆ. ಬೆಲ್ಟ್ ಗೋಡೆಗೆ ತೂಗುಹಾಕಿ, ತೋಟೆಯನ್ನು ಬಿಗಿ ಮುಚ್ಚಳದ ಡಬ್ಬಿಯಲ್ಲಿ ತೇವ ಹೀರುವ ಸಿಲಿಕಾ ಪೊಟ್ಟಣದ ಜೊತೆ ಮನೆಯೊಳಗೆ ಬೀಗದಡಿ ಇಡಿ.

ಬಿರುಕು ಬಿಟ್ಟ ಕೇಸಿನ ಬಾಯಿಯನ್ನು ಇಕ್ಕಳದಿಂದ ಚಪ್ಪಟೆ ಮಾಡಿಯೇ ಗುಜರಿಗೆ ಹಾಕಿ. ಹಾಗೇ ಕೊಟ್ಟರೆ ಯಾರೋ ಎತ್ತಿಕೊಂಡು ಮತ್ತೆ ತುಂಬಲು ನೋಡುತ್ತಾರೆ. ಗುಜರಿಯವನಿಗೂ ಪೊಲೀಸರ ಹತ್ತಿರ ಉತ್ತರ ಹೇಳುವ ತಾಪತ್ರಯ ತಪ್ಪುತ್ತದೆ.